ನೆಟ್‌ವರ್ಕ್ ಲ್ಯಾಬ್ ಪರೀಕ್ಷೆಯಲ್ಲಿ ತಪ್ಪು ಹುಡುಕುವುದು ಹೇಗೆ? ಪ್ರಶ್ನೋತ್ತರ

ಪ್ರಶ್ನೆ (ಬದಿಯಡ್ಕದಿಂದ):
ನಮಸ್ಕಾರ ಅಣ್ಣ. ಸಿಸ್ಕೋ ಕಂಪನಿಯ ಉನ್ನತ ಮಟ್ಟದ ನೆಟ್‌ವರ್ಕ್ ಸರ್ಟಿಫಿಕೇಟ್ ಆದ ಸಿಸಿಐಇ ಎಂಟರ್‌ಪ್ರೈಸ್‌ನ ಲ್ಯಾಬ್ ಪರೀಕ್ಷೆಗೆ ಓದುತ್ತಿದ್ದೇನೆ. ಬೆಂಗಳೂರಿಗೆ ಹೋಗಿ ಬರೆಯುವ ಯೋಚನೆ ಉಂಟು. ಹೊಸದಾಗಿ ಕಾನ್ಫಿಗರ್ ಮಾಡುವುದು ಕಷ್ಟ ಇಲ್ಲ. ಆದರೆ ಯಾರೋ ಕೆಡಿಸಿಟ್ಟ ನೆಟ್‌ವರ್ಕ್ ಕೊಟ್ಟು ಸರಿ ಮಾಡು ಅಂದರೆ ಎಲ್ಲಿಂದ ಶುರು ಮಾಡುವುದು ಅಂತಲೇ ತಿಳಿಯುವುದಿಲ್ಲ. ಒಂದೊಂದೇ ರೂಟರ್‌ನಲ್ಲಿ ಶೋ ರನ್ (ಇಡೀ ಕಾನ್ಫಿಗರೇಶನ್ ತೋರಿಸುವ ಕಮಾಂಡ್) ಹಾಕಿ ಓದುತ್ತಾ ಕೂತರೆ ಹೊತ್ತು ಹೋಗುತ್ತದೆ. ಟ್ರಬಲ್‌ಶೂಟಿಂಗ್‌ಗೆ 2 ಗಂಟೆ ಬೇರೆಯೇ ಕೊಡುತ್ತಾರೆ ಎಂದು ಹಳೆಯ ನೋಟ್ಸ್‌ನಲ್ಲಿ ಇದೆ. ಈಗಲೂ ಹಾಗೆಯೇ?

ಉತ್ತರ (ನೆಟ್‌ವರ್ಕ್ ಎಂಜಿನಿಯರ್):
ಆ ನೋಟ್ಸ್ ಬದಿಗಿಡಿ ತಮ್ಮಾ. 2020ರ ಫೆಬ್ರವರಿಯಲ್ಲಿ ಪರೀಕ್ಷೆಯ ರೂಪವೇ ಬದಲಾಯಿತು. ಒಟ್ಟು 8 ಗಂಟೆ. ಮೊದಲ 3 ಗಂಟೆ ಡಿಸೈನ್. ಉಳಿದ 5 ಗಂಟೆಯಲ್ಲಿ ಕಟ್ಟುವುದು, ನಡೆಸುವುದು, ಸರಿಪಡಿಸುವುದು ಎಲ್ಲ ಒಟ್ಟಿಗೆ. ಡಿಸೈನ್ ಮುಗಿಸಿ ಮುಂದೆ ಹೋದರೆ ಹಿಂದೆ ಬರಲು ಬಿಡುವುದಿಲ್ಲ.

ಶೋ ರನ್ ಏನು ಬರೆದಿದೆ ಎಂದು ಹೇಳುತ್ತದೆ, ಏನು ನಡೆಯುತ್ತಿದೆ ಎಂದು ಹೇಳುವುದಿಲ್ಲ. ದೂರಿನಿಂದಲೇ ಶುರು ಮಾಡಿ. ಯಾವ ಮೆಷಿನ್‌ಗೆ ಯಾವುದು ಸಿಗುತ್ತಿಲ್ಲ? ಅಲ್ಲಿಂದಲೇ ಪಿಂಗ್ (ಆಚೆಯಿಂದ ಉತ್ತರ ಬರುತ್ತದಾ ನೋಡಲು), ಆಮೇಲೆ ಟ್ರೇಸ್‌ರೂಟ್ (ಯಾವ ಯಾವ ರೂಟರ್ ದಾಟುತ್ತದೆ ನೋಡಲು). ದಾರಿ ಉದ್ದ ಇದ್ದರೆ ನಡುವಿನ ರೂಟರ್‌ಗೆ ಹೋಗಿ ಎರಡೂ ಕಡೆಗೆ ರೂಟ್ ಉಂಟಾ ನೋಡಿ. ಅಲ್ಲಿಗೆ ಹುಡುಕುವ ಜಾಗ ಅರ್ಧ ಆಯಿತು. ಹೋಗುವ ದಾರಿ ಸರಿ ಇದ್ದು ಉತ್ತರ ತಿರುಗಿ ಬರುವ ದಾರಿ ಇಲ್ಲದಿರುವುದು ತುಂಬಾ ಸಲ ಇರುತ್ತದೆ. ಅದನ್ನು ಮರೆಯುವವರೇ ಜಾಸ್ತಿ.

ಒಂದು ಉದಾಹರಣೆ. ಎರಡು ರೂಟರ್ ನಡುವೆ ಪಿಂಗ್ ಹೋಗುತ್ತದೆ, ಓಎಸ್‌ಪಿಎಫ್ (ರೂಟರ್‌ಗಳು ದಾರಿಗಳ ಮಾಹಿತಿ ತಮ್ಮತಮ್ಮಲ್ಲಿ ಹಂಚಿಕೊಳ್ಳುವ ಪ್ರೊಟೊಕಾಲ್) ಮಾತ್ರ ಆಗುತ್ತಿಲ್ಲ. 'ಶೋ ಐಪಿ ಓಎಸ್‌ಪಿಎಫ್ ನೇಬರ್' ಹಾಕಿ. ನೇಬರ್ ಕಾಣಿಸುವುದೇ ಇಲ್ಲ ಅಂದರೆ ರೂಟರ್‌ಗಳು ಪರಸ್ಪರ ಗುರುತಿಸಿಕೊಳ್ಳುವ ಹೆಲೋ ಹಂತದಲ್ಲೇ ತಕರಾರು: ಏರಿಯಾ, ಮಾಸ್ಕ್, ಪಾಸ್‌ವರ್ಡ್, ಟೈಮರ್. ಈಥರ್ನೆಟ್‌ನಲ್ಲಿ ಸಾಮಾನ್ಯವಾಗಿ ಹೆಲೋ 10 ಸೆಕೆಂಡಿಗೊಮ್ಮೆ, ಡೆಡ್ (ಹೆಲೋ ಬರದಿದ್ದರೆ ನೇಬರ್ ಹೋಯಿತು ಎಂದು ಬಿಡುವ ಸಮಯ) 40 ಸೆಕೆಂಡ್. ಒಂದು ಕಡೆ ಬದಲಿಸಿದ್ದರೆ ಸಾಕು, ನೇಬರ್ ಆಗುವುದಿಲ್ಲ. ಆದರೆ ನೇಬರ್ ಕಾಣುತ್ತದೆ, ಎಕ್ಸ್‌ಸ್ಟಾರ್ಟ್ ಅಥವಾ ಎಕ್ಸ್‌ಚೇಂಜ್ ಹಂತದಲ್ಲಿ ಸಿಕ್ಕಿಕೊಂಡಿದೆ ಅಂದರೆ ಮೊದಲು ಎಂಟಿಯು (ಒಂದು ಸಲಕ್ಕೆ ಕಳಿಸಬಹುದಾದ ಪ್ಯಾಕೆಟ್‌ನ ಗರಿಷ್ಠ ಗಾತ್ರ) ನೋಡಿ. ಹೆಲೋದಲ್ಲಿ ಎಂಟಿಯು ನೋಡುವುದಿಲ್ಲ, ಆದ್ದರಿಂದ ಅಷ್ಟರವರೆಗೆ ಎಲ್ಲ ಸರಿ. ಮುಂದೆ ಡೇಟಾಬೇಸ್ ವಿವರ ಕಳಿಸುವಾಗ ಒಂದು ಕಡೆ 1500, ಇನ್ನೊಂದು ಕಡೆ 1400 ಇದ್ದರೆ ಅಲ್ಲೇ ನಿಲ್ಲುತ್ತದೆ. 'ಶೋ ಐಪಿ ಇಂಟರ್‌ಫೇಸ್'ನಲ್ಲಿ ಎರಡೂ ಕಡೆಯ ಅಂಕಿ ಸಿಗುತ್ತದೆ. ಎಂಟಿಯು ಇಗ್ನೋರ್ (ಎಂಟಿಯು ವ್ಯತ್ಯಾಸ ನೋಡಬೇಡ ಎನ್ನುವ ಕಮಾಂಡ್) ಹಾಕಿದರೂ ನೇಬರ್ ಫುಲ್ (ಸಂಪರ್ಕ ಪೂರ್ಣ) ಆಗುತ್ತದೆ, ಆದರೆ ತಪ್ಪು ಹಾಗೇ ಉಳಿಯುತ್ತದೆ. ಅಂಕಿಯನ್ನೇ ಸರಿ ಮಾಡಿ.

ಇನ್ನೊಂದು: ಪ್ರಶ್ನೆಯ ಷರತ್ತನ್ನು ಎರಡು ಸಲ ಓದಿ. ಸ್ಟ್ಯಾಟಿಕ್ ರೂಟ್ (ಕೈಯಿಂದಲೇ ಬರೆದಿಡುವ ದಾರಿ) ಹಾಕಬಾರದು ಅಂತ ಇದ್ದಲ್ಲಿ ಹಾಕಿದರೆ, ಪಿಂಗ್ ಹೋದರೂ ಅಂಕ ಸಿಗುವುದಿಲ್ಲ.

ಪ್ರಶ್ನೆ (ಉಪ್ಪಳದಿಂದ):
ಅಣ್ಣ, ನನಗೆ ಬಿಜಿಪಿಯದ್ದೇ (ದೊಡ್ಡ ನೆಟ್‌ವರ್ಕ್‌ಗಳು ದಾರಿ ಹಂಚಿಕೊಳ್ಳುವ ಪ್ರೊಟೊಕಾಲ್) ತಲೆನೋವು. ಸ್ಟೇಟ್ 'ಆಕ್ಟಿವ್' ತೋರಿಸುತ್ತದೆ, ಪಿಂಗೂ ಹೋಗುತ್ತದೆ. ಆದರೂ ಒಂದು ರೂಟ್ ಕೂಡ ಬರುವುದಿಲ್ಲ. ಎಂತ ಮಾಡುವುದು?

ಉತ್ತರ:
ಆಕ್ಟಿವ್ ಅಂದರೆ ಸಂಪರ್ಕಕ್ಕೆ ಪ್ರಯತ್ನ ನಡೆಯುತ್ತಿದೆ, ಇನ್ನೂ ಆಗಿಲ್ಲ ಎಂದು ಅರ್ಥ ತಂಗಿ. ನೀವು ಸುಮ್ನೆ ಪಿಂಗ್ ಮಾಡಿದಾಗ ಅದು ಹೊರಡುವ ಇಂಟರ್‌ಫೇಸಿನ ಅಡ್ರೆಸ್‌ನಿಂದ ಹೋಗುತ್ತದೆ. ಬಿಜಿಪಿ ಸೆಷನ್ ಲೂಪ್‌ಬ್ಯಾಕ್‌ನಿಂದ (ರೂಟರ್ ಒಳಗಿನ ಕಾಲ್ಪನಿಕ ಇಂಟರ್‌ಫೇಸ್) ಲೂಪ್‌ಬ್ಯಾಕ್‌ಗೆ ಇದ್ದರೆ ಆ ಪಿಂಗ್‌ನಿಂದ ಏನೂ ಸಾಬೀತಾಗುವುದಿಲ್ಲ. ಸೋರ್ಸ್ ಲೂಪ್‌ಬ್ಯಾಕ್ ಕೊಟ್ಟು ಪಿಂಗ್ ಮಾಡಿ. ಅದೂ ಹೋದರೆ ಅದೇ ಸೋರ್ಸ್‌ನಿಂದ ಬಿಜಿಪಿ ಬಳಸುವ 179ನೇ ಪೋರ್ಟ್‌ಗೆ ಟೆಲ್ನೆಟ್ ಮಾಡಿ. 'ಓಪನ್' ಬಂದರೆ ಟಿಸಿಪಿ ದಾರಿ ಚೆನ್ನಾಗಿದೆ. ಬರದಿದ್ದರೆ ನಡುವೆ ಆಕ್ಸೆಸ್ ಲಿಸ್ಟ್ ತಡೆಯುತ್ತಿದೆಯಾ, ಆಚೆ ಕಡೆ ನಿಮ್ಮ ಅಡ್ರೆಸ್‌ಗೆ ನೇಬರ್ ಸಾಲು ಉಂಟಾ ನೋಡಿ. ಅಪ್‌ಡೇಟ್ ಸೋರ್ಸ್ (ಬಿಜಿಪಿ ಯಾವ ಇಂಟರ್‌ಫೇಸ್‌ನಿಂದ ಮಾತಾಡಬೇಕು ಎನ್ನುವ ಸಾಲು) ಎರಡೂ ಕಡೆ ಇರಲಿ. ಬೇರೆ ಎಎಸ್‌ನ (ಬೇರೆ ಆಡಳಿತದ ನೆಟ್‌ವರ್ಕ್‌ನ) ರೂಟರ್ ಆದರೆ ಟಿಟಿಎಲ್ (ಪ್ಯಾಕೆಟ್ ಎಷ್ಟು ರೂಟರ್ ದಾಟಬಹುದು ಎಂಬ ಮಿತಿ) ಡೀಫಾಲ್ಟ್ ಆಗಿ 1. ಲೂಪ್‌ಬ್ಯಾಕ್‌ಗೆ ಲೂಪ್‌ಬ್ಯಾಕ್ ಆದರೆ ಸಾಮಾನ್ಯವಾಗಿ ಆ ಮಿತಿ ಹೆಚ್ಚಿಸುವ ಮಲ್ಟಿಹಾಪ್ ಹಾಕಬೇಕು.

ಪ್ರಶ್ನೆ (ಬದಿಯಡ್ಕದಿಂದ):
ಅಭ್ಯಾಸ ಹೇಗೆ ಮಾಡಲಿ ಅಣ್ಣ? ಇಲ್ಲಿ ಜೊತೆಗೆ ಓದುವವರಿಲ್ಲ. ಮಳೆ ಬಂದರೆ ಕರೆಂಟೂ ಇಲ್ಲ. ನಾನೇ ಕೆಡಿಸಿ ನಾನೇ ಸರಿ ಮಾಡಿದರೆ ಉತ್ತರ ಮೊದಲೇ ಗೊತ್ತಿರುತ್ತದೆ.

ಉತ್ತರ:
ಉಪ್ಪಳದ ತಂಗಿ ಇದೇ ಗ್ರೂಪ್‌ನಲ್ಲಿ ಇದ್ದಾರಲ್ವಾ? ಇಬ್ಬರೂ ಈವ್-ಎನ್‌ಜಿಯಲ್ಲೇ (ಕಂಪ್ಯೂಟರ್ ಒಳಗೇ ರೂಟರ್‌ಗಳ ನೆಟ್‌ವರ್ಕ್ ಕಟ್ಟುವ ಸಾಫ್ಟ್‌ವೇರ್) ಲ್ಯಾಬ್ ಕಟ್ಟಿ. ಒಬ್ಬರು ಕೆಡಿಸಿ, ಎಲ್ಲ ರೂಟರ್‌ನಲ್ಲೂ ರೈಟ್ ಮೆಮೊರಿ (ಸೇವ್ ಮಾಡುವ ಕಮಾಂಡ್) ಹಾಕಿ. ಆಮೇಲೆ 'ಎಕ್ಸ್‌ಪೋರ್ಟ್ ಆಲ್ ಸಿಎಫ್‌ಜಿಸ್' (ಎಲ್ಲ ಕಾನ್ಫಿಗರೇಶನ್ ಲ್ಯಾಬ್ ಫೈಲಿಗೆ ಸೇರಿಸುವ ಆಯ್ಕೆ) ಕೊಡಿ. ಅದು ಕೊಡದೆ ಬರೀ ಲ್ಯಾಬ್ ಕಳಿಸಿದರೆ ಆಚೆಯವರಿಗೆ ಖಾಲಿ ರೂಟರ್ ಸಿಗುತ್ತದೆ. ಕರೆಂಟ್ ಹೋದರೂ ಸೇವ್ ಆದದ್ದು ಉಳಿಯುತ್ತದೆ. ಫೈಲ್ ಜೊತೆ ದೂರನ್ನು ಮಾತ್ರ ಬರೆದು ಕಳಿಸಿ, ಯಾವ ರೂಟರ್ ಕೆಡಿಸಿದ್ದೀರಿ ಅಂತ ಹೇಳಬೇಡಿ. ಒಂದು ದೂರಿಗೆ 15 ನಿಮಿಷ ಇಟ್ಟುಕೊಳ್ಳಿ. ಆಗದಿದ್ದರೆ ಎಲ್ಲಿಯವರೆಗೆ ನೋಡಿದಿರಿ ಎಂದು ಒಂದು ಸಾಲು ಬರೆದಿಟ್ಟು ಮುಂದಿನದಕ್ಕೆ ಹೋಗಿ. ಮೊದಲ ಫೈಲ್ ರೆಡಿ ಆದಾಗ ನನಗೂ ಕಳಿಸಿ, ಎರಡು ತಪ್ಪು ನಾನೂ ಸೇರಿಸಿ ಕೊಡುತ್ತೇನೆ.