ಅರೋಮಾಥೆರಪಿಗೆ ‘ಸುಗಂಧ ಚಿಕಿತ್ಸೆ’ ಸರಿಯೇ?

ಎಲ್ಲರಿಗೂ ನಮಸ್ಕಾರ.

ಕ್ಯಾನ್ಸರಿಗೆ ಕೀಮೋ ಮದ್ದು ತೆಗೆದುಕೊಳ್ಳುತ್ತಿರುವವರ ಮನೆಮಂದಿಗಾಗಿ ಒಂದು ಕಿರುಹೊತ್ತಗೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅರೋಮಾಥೆರಪಿ (ಗಿಡಗಳಿಂದ ತೆಗೆದ ಎಣ್ಣೆಗಳ ಪರಿಮಳದಿಂದ ಹಾಯೆನಿಸುವ ಕ್ರಮ) ಎಂಬಲ್ಲಿ ಪತ್ರಿಕೆಗಳು ಬಳಸುವ ‘ಸುಗಂಧ ಚಿಕಿತ್ಸೆ’ಯನ್ನೇ ಮೊದಲು ಬರೆದೆ, ಆಮೇಲೆ ಹೊಡೆದುಹಾಕಿದೆ. ಆ ಜೋಡಿಯ ಎರಡು ಪದಗಳೂ ನನಗೆ ಒಪ್ಪಿಗೆಯಾಗುತ್ತಿಲ್ಲ.

ನಮ್ಮಕ್ಕನಿಗೆ ಕೀಮೋ ನಡೆಯುತ್ತಿದ್ದಾಗ, ದಿನವೂ ಮುಡಿಯುತ್ತಿದ್ದ ಮಲ್ಲಿಗೆಯನ್ನೇ ಕೋಣೆಯಿಂದ ಆಚೆ ಇಡಿಸಿದಳು. ಇಂಗಿನ ಒಗ್ಗರಣೆ ಹಾಕಿದರೆ ಹೊಟ್ಟೆ ತೊಳಸುತ್ತಿತ್ತು. ನಿಂಬೆಹಣ್ಣಿನ ಸಿಪ್ಪೆ ಗೀರಿ ಮೂಸಿದರೆ ಮಾತ್ರ ತುಸು ಹಾಯೆನಿಸುತ್ತಿತ್ತು. ಕೀಮೋ ಮದ್ದುಗಳು ಎಷ್ಟೋ ಜನರ ನಾಲಿಗೆ, ಮೂಗು ಎರಡನ್ನೂ ಬದಲಿಸಿಬಿಡುತ್ತವೆ. ಹೀಗಿರುವಾಗ ಯಾವುದು ‘ಸು’ ಎಂದು ಪದವೇ ಮೊದಲು ತೀರ್ಪು ಕೊಡಬಾರದು. ಬರಿ ‘ಗಂಧ’ ಎಂದರೆ ನಮಗೆ ಸಾಣೆಕಲ್ಲು ನೆನಪಾಗುತ್ತದೆ. ‘ವಾಸನೆ’ಗೆ ಮೂಲದಲ್ಲಿ ಕೆಟ್ಟ ಅರ್ಥವಿಲ್ಲ, ಆದರೆ ಇಂದು ‘ಏನೋ ವಾಸನೆ’ ಎಂದರೆ ಮೂಗು ಮುಚ್ಚಿಕೊಳ್ಳುತ್ತೇವೆ. ನನಗೆ ಹಿಡಿಸಿದ್ದು ‘ಘಮ’. ಘಮ್ಮೆನ್ನುವುದರಲ್ಲಿ ವಾಸನೆ ಎದ್ದು ಬಂದು ಮೂಗಿಗೆ ಬಡಿಯುವ ಚಲನೆಯಿದೆ. ಗ್ರೀಕಿನ ‘ಅರೋಮಾ’ಕ್ಕೂ ಸಾಂಬಾರ ಪದಾರ್ಥ ಎಂಬ ಅರ್ಥವಿತ್ತು. ಎರಡೂ ಅಡುಗೆಮನೆಗೆ ಹತ್ತಿರ.

‘ಚಿಕಿತ್ಸೆ’ಯದು ಇನ್ನೂ ದೊಡ್ಡ ತೊಡಕು. ಫ್ರಾನ್ಸಿನ ರಸಾಯನತಜ್ಞ ಗಟ್‌ಫೊಸೆ 1937ರಲ್ಲಿ ತನ್ನ ಪುಸ್ತಕಕ್ಕೆ ಇಟ್ಟ ಹೆಸರಿನಲ್ಲೇ ‘ಥೆರಪಿ’ ಇದೆ, ನಿಜ. ಆದರೆ ನನ್ನ ಹೊತ್ತಗೆಯ ಅದೇ ಪುಟದಲ್ಲಿ ವಿಕಿರಣ ಚಿಕಿತ್ಸೆ, ಶಸ್ತ್ರಚಿಕಿತ್ಸೆ ಇವೆ. ಅವುಗಳ ಸಾಲಿನಲ್ಲಿ ಸುಗಂಧ ಚಿಕಿತ್ಸೆಯನ್ನೂ ಕೂರಿಸಿದರೆ ಮೂರೂ ಒಂದೇ ಕೆಲಸ ಮಾಡುತ್ತವೆ ಎಂದು ಓದುವವರು ತಿಳಿದಾರು. ಘಮದಿಂದ ಗೆಡ್ಡೆ ಕರಗುವುದಿಲ್ಲ. ವಾಕರಿಕೆ, ಕಳವಳ, ನಿದ್ದೆಗೇಡುಗಳನ್ನು ಕೆಲವರಲ್ಲಿ ತುಸು ತಗ್ಗಿಸೀತು, ಅಷ್ಟೇ. ಹೆದರಿದ ಮನೆಯೊಂದು ಈ ಪದ ನಂಬಿ ಆಸ್ಪತ್ರೆ ಬಿಟ್ಟರೆ ಆ ಹೊಣೆ ಅನುವಾದಕರದೂ ಹೌದು.

‘ಉಪಚಾರ’ ಹೇಗೆ ಎಂದು ಯೋಚಿಸಿದೆ. ಧಾರವಾಡ, ಬೆಳಗಾವಿ ಕಡೆ ಅದಕ್ಕೂ ಚಿಕಿತ್ಸೆಯ ಅರ್ಥವಿದೆಯಲ್ಲ? ಹಾಗಾಗಿ ಸದ್ಯಕ್ಕೆ ‘ಘಮದ ಆರೈಕೆ’ ಎಂದು ಬರೆದಿಟ್ಟಿದ್ದೇನೆ. ಬಾಣಂತಿಯ ಆರೈಕೆ ಎಂದಾಗ ಯಾರೂ ರೋಗ ವಾಸಿ ಮಾಡುವ ಮಾತೆಂದು ತಿಳಿಯುವುದಿಲ್ಲ.

ಇದರ ಜೊತೆಗೇ ಇನ್ನೊಂದು: ಎಸೆನ್ಷಿಯಲ್ ಆಯಿಲ್. ‘ಅಗತ್ಯ ತೈಲ’ ಎಂದು ಅಚ್ಚಾಗಿರುವುದನ್ನು ಕಂಡಿದ್ದೇನೆ. ಅದು ಪೂರಾ ತಪ್ಪು. ಅಲ್ಲಿರುವುದು ಗಿಡದ ‘ಸಾರ’, ಅಗತ್ಯವಲ್ಲ. ‘ಸಾರತೈಲ’ ಎಂದರೂ ಕೊಬ್ಬರಿ ಎಣ್ಣೆಯಂತೆ ಮೈಗೆ ಬಳಿದುಕೊಂಡಾರು, ಹೊಟ್ಟೆಗೂ ತೆಗೆದುಕೊಂಡಾರು ಎಂಬ ಭಯ. ಎರಡೂ ಕೂಡದು, ವಿಕಿರಣ ಬಿದ್ದ ಚರ್ಮಕ್ಕಂತೂ ಸೋಕಿಸಲೇಬಾರದು. ಅದಕ್ಕೇ ‘ನೀಲಗಿರಿ ಎಣ್ಣೆಯ ಜಾತಿಯದು’ ಎಂದು ವಿವರಣೆ ಸೇರಿಸಿದೆ. ಆ ಸೀಸೆಯ ಖಾರ ಎಲ್ಲರಿಗೂ ಗೊತ್ತು.

‘ಘಮದ ಆರೈಕೆ’ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ? ಕರಾವಳಿಯವರೂ ಉತ್ತರ ಕರ್ನಾಟಕದವರೂ ವಾಕರಿಕೆಗೆ ಮನೆಯಲ್ಲಿ ಏನೆನ್ನುತ್ತೀರಿ ಎಂಬುದನ್ನೂ ದಯವಿಟ್ಟು ತಿಳಿಸಿ. ಹೊತ್ತಗೆಯನ್ನು ಕೈಗೆತ್ತಿಕೊಳ್ಳುವವರಲ್ಲಿ ನಿಮ್ಮೂರಿನವರೂ ಇರುತ್ತಾರೆ.