ಸಹಾಯ ಬೇಕು: ಸಲಹಾ ಮಂಡಳಿಯ ಮಾತು ಪಠ್ಯಕ್ರಮಕ್ಕೆ ಇಳಿಯುವುದು ಹೇಗೆ?

ಎಂಜಿನಿಯರಿಂಗ್ ವಿಭಾಗಕ್ಕೆ ಉದ್ಯಮದ 10 ಜನರ ಸಲಹಾ ಮಂಡಳಿಯಿದೆ. 3 ಗಂಟೆಯ ಸಭೆಯಲ್ಲಿ ಎರಡೂವರೆ ಗಂಟೆ ಸ್ಲೈಡುಗಳಿಗೇ ಹೋಗುತ್ತದೆ. ಉಳಿದಂತೆ ‘ಪೈಥಾನ್ ಸೇರಿಸಿ, ಸಂವಹನ ಕಲಿಸಿ’. ಎಷ್ಟು ತಾಸು ಕೊಡಬೇಕು, ಬದಲಿಗೆ ಏನನ್ನು ಕೈಬಿಡಬೇಕು ಎಂಬ ಮಾತೇ ಇಲ್ಲ. ಎಬಿಇಟಿ (ಎಂಜಿನಿಯರಿಂಗ್ ಪದವಿಗಳಿಗೆ ಮಾನ್ಯತೆ ಕೊಡುವ ಅಮೆರಿಕದ ಸಂಸ್ಥೆ) ಮಾನ್ಯತೆಗೆ ಪದವಿ ಕಾರ್ಯಕ್ರಮದ ಗುರಿಗಳನ್ನು ಇಂಥವರೊಡನೆ ಕಾಲಕಾಲಕ್ಕೆ ಪರಿಶೀಲಿಸಿದ ದಾಖಲೆ ಬೇಕು, ಗ್ರೂಪ್ ಫೋಟೊ ಸಾಲದು.

ಈ ಬಾರಿ 2 ವಾರ ಮೊದಲೇ ಅಂತಿಮ ವರ್ಷದ 4 ಪ್ರಾಜೆಕ್ಟ್ ವರದಿಗಳನ್ನು, ವಿದ್ಯಾರ್ಥಿಗಳ ಹೆಸರು ತೆಗೆದು, ಕಳುಹಿಸುವ ಯೋಚನೆ: ಒಂದು ಉತ್ತಮ, ಎರಡು ಸಾಧಾರಣ, ಒಂದು ಹೇಗೋ ಪಾಸಾದದ್ದು. ಕೊನೆಯದರ ಶಾಫ್ಟ್ ಡ್ರಾಯಿಂಗಿನಲ್ಲಿ ಬೇರಿಂಗ್ ಕೂರುವ ಜಾಗಕ್ಕೇ ಟಾಲರೆನ್ಸ್ (ಅಳತೆಯಲ್ಲಿ ಎಷ್ಟು ಹೆಚ್ಚುಕಡಿಮೆ ಆಗಬಹುದೆಂಬ ಮಿತಿ) ಇಲ್ಲ. ಅದು ಅವರ ಕಣ್ಣಿಗೆ ಬೀಳಲಿ.

ಇಂಥ ವಿಮರ್ಶೆಗೆ ಅಂಕ ಕೊಡುವ ಮಾನದಂಡಗಳ ಪಟ್ಟಿ (ರೂಬ್ರಿಕ್) ಬಳಸಿದವರು ದಯವಿಟ್ಟು ನಮೂನೆ ಹಂಚಿಕೊಳ್ಳಿ. ಹಿರಿಯ ಮ್ಯಾನೇಜರುಗಳೂ ಹೊಸ ಪದವೀಧರರೂ ತದ್ವಿರುದ್ಧ ಹೇಳಿದರೆ ಯಾರ ಮಾತಿಗೆ ಹೆಚ್ಚು ತೂಕ ಕೊಡುತ್ತೀರಿ?