ಹಿಂದಿನಿಂದಲೇ ಪಾಸ್ ಆಡುವ ಫುಟ್‌ಬಾಲ್ ಟೀಮ್‌ನಲ್ಲಿ ಸ್ಟಾಪರ್ ಆಗಿದ್ದವರು ಅನುಭವ ಹೇಳಿ

ಕಾರವಾರದ ಹುಡುಗ: ನನಗೆ 17 ವರ್ಷ. ಸ್ಟಾಪರ್ ಆಡುತ್ತೇನೆ, ಅಂದರೆ ಗೋಲ್ ಮುಂದೆ ನಡುವೆ ನಿಂತು ತಡೆಯುವವನು. ಎತ್ತಿ ಹೊಡೆಯಬೇಡ, ಕೀಪರ್‌ನಿಂದ ಬಾಲ್ ತಗೊಂಡು ನೆಲದ ಮೇಲೇ ಪಾಸ್ ಕೊಡು ಅಂತಾರೆ ಹೊಸ ಕೋಚ್. ಪಾಸ್ ಚೆನ್ನಾಗಿ ಬರುತ್ತದೆ, ಓಟ ಕಡಿಮೆ. ಕಳೆದ ಭಾನುವಾರ ಮಾಲಾದೇವಿ ಮೈದಾನದಲ್ಲಿ ನನ್ನ ಕಾಲಿಂದಲೇ ಬಾಲ್ ಕಿತ್ತು ಎರಡು ಗೋಲ್ ಹೊಡೆದರು. ಇಲ್ಲೇ ಇರಲೋ, ಮೈದಾನದ ನಡುವೆ ಆಡುವ ಹಾಫ್‌ಗೆ ಹೋಗಲೋ?

ಸದಾಶಿವಗಡ ಸ್ಟಾಪರ್: ನನ್ನ ಕಥೆ ಕೇಳು ತಮ್ಮಾ. ಮಡಗಾಂವ್‌ಗೆ ಟ್ರಯಲ್ಸ್‌ಗೆ ಹೋಗಿದ್ದೆ. ಬೂಟಿಗೆ 3,200, ಮೂರು ದಿನದ ರೂಮಿಗೆ 1,800, ಬಸ್ಸು, ಊಟ ಎಲ್ಲ ಸೇರಿ 6,000 ದಾಟಿತು. ಅಪ್ಪ ಮೀನಿನ ದುಡ್ಡಲ್ಲಿ ಕೊಟ್ಟಿದ್ದು. ಎರಡನೇ ದಿನವೇ ಮನೆಗೆ ಕಳಿಸಿದರು. ಒಂದು ಪಾಸೂ ತಪ್ಪಿರಲಿಲ್ಲ. ಆದರೆ ಬಾಲ್ ಬರುವಾಗ ಕೀಪರ್ ಕಡೆಗೇ ಮುಖ ಮಾಡಿ ನಿಲ್ಲುತ್ತಿದ್ದೆ. ಬಲಗಾಲಲ್ಲಿ ನಿಲ್ಲಿಸಿ, ತಿರುಗಿ, ತಲೆ ಎತ್ತುವಷ್ಟರಲ್ಲಿ ಎದುರಾಳಿ ಫಾರ್ವರ್ಡ್ ಮೈಮೇಲೆ. ಓರೆಯಾಗಿ ನಿಂತು ಆಚೆ ಕಾಲಿಗೆ ತಗೊಂಡಿದ್ದರೆ ಮೊದಲ ಟಚ್ಚಿಗೇ ಮೈದಾನ ಪೂರ್ತಿ ಕಾಣುತ್ತಿತ್ತು. ನನಗೆ ಎಡಗಾಲೇ ಇರಲಿಲ್ಲ! ವಾಪಸ್ ಬಂದು ಹಿತ್ತಲಿನ ಚಿರೆಕಲ್ಲಿನ ಗೋಡೆಗೆ ದಿನಾ 200 ಸಲ ಎಡಗಾಲಲ್ಲೇ ಹೊಡೆದೆ. ಎಂಟು ತಿಂಗಳು. ಎರಡು ಬಾಲ್ ಹರಿದುಹೋದವು. ಕಾಲು ಬಂತು, ವಯಸ್ಸು ಹೋಗಿತ್ತು. ಈಗಲೂ ಹೊಟ್ಟೆ ಉರಿಯುತ್ತದೆ.

ಶಿರಸಿ ಬ್ಯಾಕ್: ಗೋಡೆ ಬೇರೆ, ಮಳೆಗಾಲದ ಮೈದಾನ ಬೇರೆ ಮಾರಾಯ್ರೆ. ಜುಲೈ ತಿಂಗಳ ಸೆಮಿಫೈನಲ್. ಕೋಚ್ ಮಾತು ಕೇಳಿ ಪಕ್ಕದವನಿಗೆ ಸಣ್ಣ ಪಾಸ್ ಕೊಟ್ಟೆ. ಬಾಲ್ ಅರ್ಧ ದಾರಿಯಲ್ಲಿ ನೀರಲ್ಲಿ ಕೂತುಬಿಟ್ಟಿತು. ಅವರ ಹುಡುಗ ಓಡಿ ಬಂದು ಹೊಡೆದ. 1-0. ಒಂದು ತಿಂಗಳು ಪೇಟೆಗೇ ಹೋಗಲಿಲ್ಲ ನಾನು. ಆಮೇಲೆ ನಾಲ್ಕು ವರ್ಷ ಎತ್ತಿಯೇ ಹೊಡೆದೆ, ಒಂದು ಮ್ಯಾಚಿಗೂ ಹೊರಗೆ ಕೂರಲಿಲ್ಲ. ಸ್ಟಾಪರ್ ಕೆಲಸ ತಡೆಯೋದು.

ಕುಮಟಾ ಕೀಪರ್: ನೀವು ಎತ್ತಿ ಹೊಡೀತೀರಿ, ಅದು ಹತ್ತು ಸೆಕೆಂಡಿಗೆ ವಾಪಸ್ ಬರುತ್ತದೆ. ತಡೆಯೋನು ನಾನು ಅಲ್ವಾ? ಗೋಲ್ ಕಿಕ್, ಅಂದ್ರೆ ನಮ್ಮ ಗೋಲ್ ಹತ್ತಿರದಿಂದ ಆಟ ಮತ್ತೆ ಶುರು ಮಾಡೋ ಹೊಡೆತ, ಅದರ ನಿಯಮ 2019ರಲ್ಲಿ ಬದಲಾಯ್ತು. ಬಾಲ್ ಗೋಲ್ ಮುಂದಿನ ಪೆನಾಲ್ಟಿ ಬಾಕ್ಸ್ ದಾಟಬೇಕಾಗಿಲ್ಲ, ಒಳಗೇ ನಮ್ಮವನು ತಗೋಬಹುದು. ಇಬ್ಬರು ಸ್ಟಾಪರ್ ನನ್ನ ಎರಡೂ ಕಡೆ ಅಗಲವಾಗಿ ನಿಂತರೆ ಒಬ್ಬ ಫಾರ್ವರ್ಡ್ ಇಬ್ಬರನ್ನೂ ಹಿಡಿಯೋಕಾಗಲ್ಲ. ನಮ್ಮವರು ಎರಡು ಮಾರು ದೂರದಲ್ಲೇ ಅಂಟಿಕೊಂಡು ನಿಲ್ಲುತ್ತಿದ್ದರು. ಬೈಗುಳ ನನಗೆ. ಫಾರ್ವರ್ಡ್ ಕಾಲಿಗೆ ಬಿದ್ದು ಬಾಲ್ ಹಿಡಿಯೋಕೆ ಹೋಗಿ ಬೆರಳು ಮುರೀತು. ಎಕ್ಸ್‌ರೇ 450, ಪಟ್ಟಿ 2,800, ಆರು ವಾರ ಕೆಲಸ ಇಲ್ಲ. ಟೀಮ್‌ನವರು ಒಂದು ಪೈಸೆ ಕೊಡಲಿಲ್ಲ.

ಸದಾಶಿವಗಡ ಸ್ಟಾಪರ್: ಶಿರಸಿಯವರೇ, ಬರೀ ತಡೆಯೋದಾ? ಇಂಗ್ಲೆಂಡಿನ ಸ್ಟಾಪರ್ ಜಾನ್ ಸ್ಟೋನ್ಸ್ 2016ರಲ್ಲಿ ಮ್ಯಾಂಚೆಸ್ಟರ್ ಸಿಟಿ ಟೀಮಿಗೆ ಬಂದಾಗ ಬಾಲ್ ಕಳಕೊಂಡು ಎಷ್ಟು ಬೈಸಿಕೊಂಡ! ಕೋಚ್ ಗ್ವಾರ್ಡಿಯೋಲಾ ಕೈಬಿಡಲಿಲ್ಲ. 2023ರಲ್ಲಿ ಅದೇ ಸ್ಟೋನ್ಸ್, ಬಾಲ್ ತಮ್ಮವರ ಹತ್ತಿರ ಇದ್ದಾಗ ಹಾಫ್‌ಗೆ ಏರಿ ಆಡಿದ. ಆ ವರ್ಷ ಟೀಮ್ ಲೀಗ್, ಎಫ್‌ಎ ಕಪ್, ಚಾಂಪಿಯನ್ಸ್ ಲೀಗ್ ಮೂರೂ ಗೆದ್ದಿತು.

ಶಿರಸಿ ಬ್ಯಾಕ್: ಅವರ ಹುಲ್ಲು ನೋಡಿ ಮಾತಾಡಿ! ನಮ್ಮ ಮೈದಾನದ ನಡುವೆ ಕ್ರಿಕೆಟ್ ಪಿಚ್. ಬಾಲ್ ಅಲ್ಲಿ ಬಿದ್ದರೆ ಎದೆಗೆ ಹಾರುತ್ತದೆ.

ಕುಮಟಾ ಕೀಪರ್: ಪಿಚ್ ಮೇಲೆ ಯಾಕೆ ಸಿಟ್ಟು? ನಾನು ಕ್ರಿಕೆಟ್ಟೂ ಆಡ್ತೀನಿ. ನಿಮ್ಮ ಬೂಟಿನ ಸ್ಟಡ್‌ನಿಂದ ಪಿಚ್ ಹಾಳಾಗುತ್ತದೆ, ರೋಲರ್ ಎಳೆಯೋರು ನಾವು.

ಕಾರವಾರದ ಹುಡುಗ: ನಾನೂ ಕೀಪರ್ ಕಡೆಗೇ ಮುಖ ಮಾಡಿ ನಿಂತಿದ್ದೆ. ಎರಡೂ ಗೋಲ್ ನನ್ನ ಎಡಗಡೆಯಿಂದಲೇ. ಅಣ್ಣಾ, ಗೋಡೆಯಿಂದ ಎಷ್ಟು ದೂರ ನಿಲ್ಲುತ್ತಿದ್ರಿ?

ಶಿರಸಿ ಬ್ಯಾಕ್: ರೋಲರ್ ಎಳೆದರೆ ಮೈದಾನ ನಿಮ್ಮದಾಯ್ತಾ? ಮಳೆಗಾಲ ಪೂರ್ತಿ ಅಲ್ಲಿ ಆಡೋರು ನಾವು ಮಾತ್ರ.